ಕಾರ್ಡ್ ಆಸ್ಪತ್ರೆಯ ಬಾಗಿಲಿನವರೆಗೆ, ಕಾಯಿಲೆ ಮನೆಯೊಳಗೆ

(ಹುತ್ತರಿ ಹಬ್ಬ ಮುಗಿದ ವಾರ ದಕ್ಷಿಣ ಕೊಡಗಿನ ಒಂದು ಮಹಿಳಾ ಸಮಾಜದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಶುರುವಾಗುವ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಮನೆ ಬಿಟ್ಟು ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದ್ದರಿಂದ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಶುಶ್ರೂಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ರೀತಿ ಇರುತ್ತವೆ. ಮೊದಲು ಮಳೆ, ಬೆಳೆ, ಆನೆಯ ಕಾಟ ಎಂದು ಮಾತು ಸುತ್ತುತ್ತದೆ. ಆಮೇಲೆ ದನಿ ಇಳಿಯುತ್ತದೆ. "ಅಕ್ಕಾ, ತಮ್ಮನಿಗೆ ತಲೆ ಸರಿಯಿಲ್ಲ. ಆಯುಷ್ಮಾನ್ ಕಾರ್ಡ್ ತೆಗೆದುಕೊಳ್ಳುವ ಆಸ್ಪತ್ರೆ ಯಾವುದು? ಮನೆಗೇ ಬಂದು ನೋಡಿಕೊಳ್ಳುವವರು ಆ ಕಾರ್ಡ್‌ನಲ್ಲಿ ಸಿಗುತ್ತಾರೆಯೇ?"

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಎರಡಕ್ಕೂ ಒಂದೇ ಬಾಗಿಲಿನಲ್ಲಿ ಉತ್ತರ ಸಿಗುತ್ತದೆ ಎಂದು ನಂಬಿ ಜನ ಮಡಿಕೇರಿಯಿಂದ ಮೈಸೂರಿಗೆ, ಮೈಸೂರಿನಿಂದ ಮಂಗಳೂರಿಗೆ ಅಲೆಯುತ್ತಾರೆ. ಅಂಥ ಒಂದೇ ಬಾಗಿಲು ಇಲ್ಲ. ಕಾರ್ಡ್ ಹಣ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗೆ. ಮನಸ್ಸಿನ ಕಾಯಿಲೆ ಆಸ್ಪತ್ರೆಯಲ್ಲಿ ಇರುವುದು ಎರಡು ಮೂರು ವಾರ, ಮನೆಯಲ್ಲಿ ಇರುವುದು ಇಪ್ಪತ್ತು ಮೂವತ್ತು ವರ್ಷ. ಮನೆಯ ಪಾಲಿನ ನೆರವೂ ಸರ್ಕಾರದ ಬಳಿ ಇದೆ, ಅದು ಬೇರೆ ಬೇರೆ ಕೌಂಟರ್‌ಗಳಲ್ಲಿ ಚದುರಿಹೋಗಿದೆ. ಹೆಸರು ಹಿಡಿದು ಕೇಳಿದವರಿಗೆ ಮಾತ್ರ ಸಿಗುತ್ತದೆ. ಆ ಹೆಸರುಗಳನ್ನು ನಿಮ್ಮ ಕೈಗೆ ಕೊಡುವುದಕ್ಕೆ ಬಂದಿದ್ದೇನೆ.

ಮೊದಲು ನನ್ನ ಮನೆಯದೇ ಕಥೆ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ, ಇಲ್ಲದ್ದು ಕೇಳಿಸಿ, ಇಲ್ಲದ ಸಂಶಯಗಳು ಬರುವ ಮನಸ್ಸಿನ ಕಾಯಿಲೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಶುರುವಾಯಿತು. 2019ರ ಆಗಸ್ಟ್ ಮಳೆ ನಿಮಗೆ ನೆನಪಿದೆ. ನಮ್ಮ ಊರಿನ ದಾರಿ ಮುಚ್ಚಿತು, ಕರೆಂಟ್ ಹೋಯಿತು, ಮೊಬೈಲ್ ಸತ್ತುಹೋಯಿತು. ಅಣ್ಣನ ಮಾತ್ರೆ ಮುಗಿದು ಒಂಬತ್ತು ದಿನವಾಗಿತ್ತು. ಅವನು ಊಟ ಬಿಟ್ಟ, ನಿದ್ದೆ ಬಿಟ್ಟ, ಅತ್ತಿಗೆ ಕೊಟ್ಟ ನೀರಿನಲ್ಲಿ ವಿಷವಿದೆ ಎಂದು ಹೊರಗಿನ ಹಂಡೆಯ ಮಳೆನೀರನ್ನೇ ಕುಡಿಯತೊಡಗಿದ. ದಾರಿ ತೆರೆದ ದಿನ ಜೀಪಿನಲ್ಲಿ ಕೂರಿಸಿಕೊಂಡು ಹೊರಜಿಲ್ಲೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಗೋಡೆಯ ಮೇಲೆ ಆಯುಷ್ಮಾನ್ ಬೋರ್ಡ್ ದೊಡ್ಡದಾಗಿತ್ತು. ಅದನ್ನು ನೋಡಿಯೇ ಒಳಗೆ ಹೋದದ್ದು. ದಾಖಲು ಮಾಡಿ, ಮೊದಲ ಇಂಜೆಕ್ಷನ್ ಕೊಟ್ಟು, ಅವನು ಮಲಗಿದ ಮೇಲೆ ಕೌಂಟರ್‌ನಲ್ಲಿದ್ದ ಹುಡುಗ ಕಾರ್ಡ್ ಹಿಂತಿರುಗಿಸಿ ಹೇಳಿದ: "ಈ ಕಾರ್ಡ್ ನಮ್ಮಲ್ಲಿ ನಡೆಯುತ್ತದೆ ಮೇಡಂ, ಆದರೆ ಈ ಕಾಯಿಲೆಗೆ ನಡೆಯುವುದಿಲ್ಲ."

ಹನ್ನೊಂದು ದಿನಗಳ ಬಿಲ್ ಕಟ್ಟಲು ಅತ್ತಿಗೆಯ ಬಳೆಗಳು ಗಿರವಿಗೆ ಹೋದವು. ಜೀವಮಾನವಿಡೀ ಆಸ್ಪತ್ರೆಗಳಲ್ಲೇ ಕಳೆದ ನನಗೇ ಆ ವ್ಯತ್ಯಾಸ ಗೊತ್ತಿರಲಿಲ್ಲ. ಹಾಗಾಗಿ ನಿಮಗೆ ಗೊತ್ತಿಲ್ಲವೆಂದು ನಾಚಿಕೊಳ್ಳಬೇಡಿ. ಆಸ್ಪತ್ರೆ ಯೋಜನೆಗೆ ಸೇರುವುದು ವಿಭಾಗವಾರು. ಹೃದಯಕ್ಕೆ ಸೇರಿರಬಹುದು, ಮೂಳೆಗೆ ಸೇರಿರಬಹುದು, ಮನೋವೈದ್ಯಕ್ಕೆ ಸೇರದೆಯೂ ಇರಬಹುದು. ಬೋರ್ಡ್ ಎಲ್ಲರಿಗೂ ಒಂದೇ. ಅದಕ್ಕೇ ಒಳಗೆ ಹೋಗುವ ಮುಂಚೆ ಕೇಳಬೇಕಾದ ಮಾತು ಇದು: "ಮಾನಸಿಕ ಕಾಯಿಲೆಯ ಒಳರೋಗಿ ಚಿಕಿತ್ಸೆಗೆ ನಿಮ್ಮಲ್ಲಿ ಈ ಯೋಜನೆ ಇದೆಯೇ?" ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಕೌಂಟರ್‌ನವರನ್ನು ಬಿಟ್ಟು ಅವರನ್ನೇ ಹುಡುಕಿ ಕೇಳಿ. ಮನೆಯಿಂದಲೇ ಕೇಳುವುದಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ, ಅಥವಾ ಕೇಂದ್ರ ಯೋಜನೆಯ 14555ಕ್ಕೆ.

ಈಗ ಯೋಜನೆಯ ಒಳಗು. ಕೇಂದ್ರದ ಆಯುಷ್ಮಾನ್ ಭಾರತ್ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಅದಕ್ಕೂ ಕೆಲವು ತಿಂಗಳು ಮುಂಚಿನದು. ಎರಡನ್ನೂ ಸೇರಿಸಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತಿದೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತದ, ಶೇಕಡ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನಮ್ಮ ಜಿಲ್ಲೆಯ ಸಣ್ಣ ಬೆಳೆಗಾರರಲ್ಲಿ ಅನೇಕರು ಈ ಎರಡನೆಯ ಸಾಲಿಗೆ ಬರುತ್ತಾರೆ. ನಾಲ್ಕೆಕರೆ ತೋಟವಿದೆ ಎಂದು ಶ್ರೀಮಂತರ ಪಟ್ಟಿಗೆ ಸೇರಿರುತ್ತಾರೆ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದ ವರ್ಷ ಕೈಯಲ್ಲಿ ಏನೂ ಇರುವುದಿಲ್ಲ. ಅವರು ಉಳಿದ ಶೇಕಡ 70 ಯಾರು ಕಟ್ಟುತ್ತಾರೆ ಎಂಬುದನ್ನು ಮೊದಲೇ ಕೇಳಿಕೊಂಡೇ ದಾಖಲಾಗಬೇಕು.

ಇನ್ನೊಂದು ನಿಯಮ ಜನರಿಗೆ ಸಿಟ್ಟು ಬರಿಸುವಂಥದ್ದು, ಆದರೂ ಇದೆ. ತುರ್ತು ಚಿಕಿತ್ಸೆ ಬಿಟ್ಟರೆ, ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ರೆಫರಲ್ ಪತ್ರ ಕೊಡುತ್ತಾರೆ. ಕೊಡಗಿನವರಿಗೆ ಅಂದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆ. ಅದೀಗ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ. ನನ್ನ ಸಲಹೆ ಕೇಳಿದರೆ, ಮನಸ್ಸಿನ ಕಾಯಿಲೆಗೆ ಅಲ್ಲಿಂದಲೇ ಶುರು ಮಾಡಿ. ಹೆಚ್ಚಿನವರಿಗೆ ಅಲ್ಲಿಂದ ಮುಂದೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕೈಯಲ್ಲಿ ರೆಫರಲ್ ಪತ್ರವೂ ಹಳೆಯ ಚೀಟಿಗಳೂ ಇದ್ದರೆ ಅಲ್ಲಿ ಕಥೆಯನ್ನು ಮೊದಲಿನಿಂದ ಹೇಳುವುದು ತಪ್ಪುತ್ತದೆ.

ಹೊರರೋಗಿ ಚಿಕಿತ್ಸೆಗೆ, ಅಂದರೆ ತಿಂಗಳು ತಿಂಗಳು ಹೋಗಿ ವೈದ್ಯರನ್ನು ಕಂಡು ಮಾತ್ರೆ ತರುವುದಕ್ಕೆ, ಆಯುಷ್ಮಾನ್ ಹಣ ಕೊಡುವುದಿಲ್ಲ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನ, ಅಷ್ಟೇ ಅದರ ಕೈ ಚಾಚುವುದು. ಹದಿನಾರನೆಯ ದಿನದಿಂದ ಏನು? ಮನಸ್ಸಿನ ಕಾಯಿಲೆಯ ಮನೆಯವರ ನಿಜವಾದ ಪ್ರಶ್ನೆ ಇದು. ಯಾವ ಬೋರ್ಡ್‌ನಲ್ಲೂ ಇದಕ್ಕೆ ಉತ್ತರ ಬರೆದಿರುವುದಿಲ್ಲ.

ಉತ್ತರ ಇರುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ. ಇದಕ್ಕೆ ಮಾದರಿ ಸಿಕ್ಕಿದ್ದು ನಮ್ಮ ರಾಜ್ಯದ ಬಳ್ಳಾರಿಯಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತೆಯರೂ ಮನಸ್ಸಿನ ಕಾಯಿಲೆಯನ್ನು ಗುರುತಿಸಿ ಔಷಧ ಕೊಡಬಲ್ಲರು ಎಂದು ಮಾಡಿ ತೋರಿಸಿದರು. ಅದನ್ನೇ ಹಿಡಿದು 1996ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು. ಜಿಲ್ಲೆಗೊಂದು ತಂಡ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು. ಇದರ ಜೊತೆಗೆ ನಮ್ಮ ರಾಜ್ಯದ ಮನೋಚೈತನ್ಯ ಎಂಬ ಏರ್ಪಾಡಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಯಾವ ಮಂಗಳವಾರ ವಿರಾಜಪೇಟೆ, ಯಾವ ಮಂಗಳವಾರ ಸೋಮವಾರಪೇಟೆ ಎಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಅಲ್ಲಿ ಸಮಾಲೋಚನೆಗೂ ಮಾತ್ರೆಗೂ ದುಡ್ಡಿಲ್ಲ, ಕಾರ್ಡ್‌ನ ಮಾತೇ ಬರುವುದಿಲ್ಲ. ನನ್ನ ಅಣ್ಣ ಈಗ ಹೋಗುವುದು ಅಲ್ಲಿಗೇ.

ಅಣ್ಣನಿಗೆ ಮಾತ್ರೆಯ ಮೇಲೆ ನಂಬಿಕೆಯಿಲ್ಲ. ನಾಲಿಗೆಯ ಕೆಳಗೆ ಅಡಗಿಸಿಟ್ಟು, ಹಿತ್ತಲಿನ ಕಿತ್ತಳೆ ಗಿಡದ ಬುಡದಲ್ಲಿ ಉಗುಳುತ್ತಿದ್ದ. ಅತ್ತಿಗೆ ಗಿಡದ ಬುಡ ಕೆದಕಿದ ದಿನ ನಮಗೆ ಗೊತ್ತಾಯಿತು. ಅಂಥವರಿಗೆ ತಿಂಗಳ ಇಂಜೆಕ್ಷನ್ ಎಂಬುದಿದೆ. ಫ್ಲೂಫೆನಜಿನ್ ಡೆಕನೋಯೇಟ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಔಷಧವನ್ನು ಎಳ್ಳೆಣ್ಣೆಯಲ್ಲಿ ಕರಗಿಸಿರುತ್ತಾರೆ, ಆದ್ದರಿಂದ ನೀರಿನಂತೆ ಇರುವುದಿಲ್ಲ, ಮಂದವಾಗಿರುತ್ತದೆ. ನಮ್ಮ ಚಳಿಯ ಬೆಳಿಗ್ಗೆಗಳಲ್ಲಿ ಸಿರಿಂಜ್‌ಗೆ ಏರುವುದೇ ಇಲ್ಲ. ನಾನು ಕೆಲಸದಲ್ಲಿದ್ದಾಗ ಸೀಸೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಹೊಸೆಯುತ್ತಾ ರೋಗಿಯ ಜೊತೆ ಮಾತನಾಡುತ್ತಿದ್ದೆ. ಬಿಸಿ ತಗುಲಿದ ಮೇಲೆ ಸ್ವಲ್ಪ ದಪ್ಪ ಸೂಜಿಯಲ್ಲಿ ಎಳೆದುಕೊಂಡು, ಸೊಂಟದ ಕೆಳಗಿನ ಮಾಂಸಖಂಡದ ಆಳಕ್ಕೆ, ನಿಧಾನವಾಗಿ ಕೊಡಬೇಕು. ಆಮೇಲೆ ಉಜ್ಜಬಾರದು. ಎಣ್ಣೆಯಿಂದ ಔಷಧ ದಿನಕ್ಕಿಷ್ಟು ಎಂದು ರಕ್ತಕ್ಕೆ ಇಳಿಯುತ್ತಾ ಹೋಗುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಒಂದು ಚುಚ್ಚುಮದ್ದು, ದಿನವೂ ಮಾತ್ರೆಗಾಗಿ ಜಗಳವಿಲ್ಲ.

ಈ ಇಂಜೆಕ್ಷನ್‌ಗಾಗಿ ಪ್ರತಿ ತಿಂಗಳೂ ಮಡಿಕೇರಿಗೆ ಹೋಗಬೇಕಿಲ್ಲ. ಮನೋವೈದ್ಯರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯೇ ಕೊಡಬಲ್ಲರು. "ನಮ್ಮ ಪಿಎಚ್‌ಸಿಯಲ್ಲಿ ಕೊಡುವಂತೆ ಬರೆಯಿರಿ ಸರ್" ಎಂದು ನೀವು ಕೇಳಬೇಕು. ಕೇಳದಿದ್ದರೆ ಅವರು ಮುಂದಿನ ತಿಂಗಳ ತಾರೀಕು ಮಾತ್ರ ಬರೆಯುತ್ತಾರೆ. ನಾಪೋಕ್ಲು ಕಡೆಯವರು, ಭಾಗಮಂಡಲ ಕಡೆಯವರು ಒಂದು ಚುಚ್ಚುಮದ್ದಿಗೆ ಇಡೀ ದಿನದ ಕೂಲಿ ಕಳೆದುಕೊಂಡು ಬಸ್ಸಿನಲ್ಲಿ ಕುಳಿತಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವರ ಊರಿನಲ್ಲೇ ಆಗುವ ಕೆಲಸ ಅದು.

ಮಳೆಗಾಲದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ನಾವು ಸೌದೆ ಒಟ್ಟುತ್ತೇವೆ, ಒಣಮೀನು ಕಟ್ಟಿಡುತ್ತೇವೆ, ಹಪ್ಪಳ ಒಣಗಿಸುತ್ತೇವೆ. ಆ ಪಟ್ಟಿಗೆ ಮಾತ್ರೆಯನ್ನೂ ಸೇರಿಸಿ. ಜೂನ್‌ಗೆ ಮುಂಚಿನ ಭೇಟಿಯಲ್ಲೇ "ದಾರಿ ಮುಚ್ಚುವ ಊರು ನಮ್ಮದು, ಎರಡು ತಿಂಗಳ ಮಾತ್ರೆ ಕೊಡಿ" ಎಂದು ಕೇಳಿ. 2019ರಲ್ಲಿ ನಾವು ಇದೊಂದು ಮಾಡಿದ್ದರೆ ಅತ್ತಿಗೆಯ ಕೈ ಬರಿದಾಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ನಿಮಗೆ ಗೊತ್ತಿರಬೇಕು, ಏಕೆಂದರೆ ಕೌಂಟರ್‌ನ ಆಚೆ ಇರುವವರಿಗೆ ಅದು ಎಷ್ಟೋ ಸಲ ಗೊತ್ತಿರುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಅದರ 18ನೇ ಸೆಕ್ಷನ್ ನನಗೆ ಬಹಳ ಪ್ರಿಯವಾದದ್ದು. ಬಡತನದ ರೇಖೆಯ ಕೆಳಗಿರುವ ವ್ಯಕ್ತಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ ಎಂದು ಅದು ಹೇಳುತ್ತದೆ. ಮನೆಯಿಲ್ಲದೆ ಅಲೆಯುವವರಿಗೂ ಹಾಗೆಯೇ. ನಮ್ಮ ಆದಿವಾಸಿ ಹಾಡಿಗಳಲ್ಲಿ ಎಷ್ಟು ಎರವ, ಜೇನುಕುರುಬ ಕುಟುಂಬಗಳು ಒಂದು ದಾಖಲೆಯೂ ಇಲ್ಲದೆ ಬದುಕುತ್ತಿವೆ ಎಂಬುದನ್ನು ನೀವೇ ಕಂಡಿದ್ದೀರಿ. "ಕಾರ್ಡ್ ಮಾಡಿಸಿಕೊಂಡು ಬನ್ನಿ" ಎಂದು ಅವರನ್ನು ಯಾರಾದರೂ ವಾಪಸು ಕಳಿಸಿದರೆ ಅದು ಕಾನೂನಿಗೆ ವಿರುದ್ಧ. ಅವರ ಜೊತೆಗೆ ಹೋಗಿ ಈ ಮಾತನ್ನು ಹೇಳುವವರು ಒಬ್ಬರು ಬೇಕು. ನೀವು ಆಗಬಹುದು.

ಅದೇ ಸೆಕ್ಷನ್ ಸರ್ಕಾರ ಒದಗಿಸಬೇಕಾದ ಸೇವೆಗಳನ್ನು ಎಣಿಸುವಾಗ, ಕುಟುಂಬಕ್ಕೆ ಬೆಂಬಲ ಕೊಡುವ ಅಥವಾ ಮನೆಯಲ್ಲೇ ಪುನರ್ವಸತಿ ಮಾಡುವ ಸೇವೆಯನ್ನೂ ಎಣಿಸುತ್ತದೆ. ಅಂದರೆ ಮನೆಯ ಆರೈಕೆ ಕಾನೂನಿನ ಅಕ್ಷರದಲ್ಲಿ ಇದೆ. ಹಣದಲ್ಲೂ ಜನರಲ್ಲೂ ಅದು ಪೂರ್ತಿ ಇಳಿದುಬಂದಿಲ್ಲ. ನಾವು ಕೇಳದೆ ಇದ್ದರೆ ಇಳಿಯುವುದೂ ಇಲ್ಲ.

98ನೇ ಸೆಕ್ಷನ್ ಇನ್ನೂ ಉಪಯುಕ್ತವಾದದ್ದು. ಬಿಡುಗಡೆ ಮಾಡುವ ಮುಂಚೆ ಮನೋವೈದ್ಯರು ರೋಗಿಯ ಜೊತೆ ಮತ್ತು ಮನೆಯಲ್ಲಿ ನೋಡಿಕೊಳ್ಳುವವರ ಜೊತೆ ಕುಳಿತು ಮುಂದಿನ ಚಿಕಿತ್ಸೆಯ ಬಗ್ಗೆ ಮಾತನಾಡಬೇಕು. ಬಿಡುಗಡೆಯ ದಿನ ನಾವೆಲ್ಲ ಬಸ್ಸಿನ ಹೊತ್ತನ್ನು ನೋಡುತ್ತೇವೆ, ಬಟ್ಟೆ ಕಟ್ಟುತ್ತೇವೆ. ದಯವಿಟ್ಟು ಅರ್ಧ ಗಂಟೆ ಕುಳಿತುಕೊಳ್ಳಿ. ಯಾವ ಔಷಧ, ಯಾವ ಪಿಎಚ್‌ಸಿಯಲ್ಲಿ, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು, ನಮ್ಮ ಊರಿಗೆ ಬರುವ ಸಮಾಜ ಕಾರ್ಯಕರ್ತರು ಯಾರು ಎಂದು ಕೇಳಿ ಬರೆಸಿಕೊಳ್ಳಿ. ಬಿಡುಗಡೆ ಪತ್ರದ ಒಂದು ಪ್ರತಿ ಆಶಾ ಕಾರ್ಯಕರ್ತೆಗೆ, ಒಂದು ಪ್ರತಿ ಮನೆಯ ಪೆಟ್ಟಿಗೆಗೆ. ಹಾಗೆಯೇ 21ನೇ ಸೆಕ್ಷನ್: ಮನಸ್ಸಿನ ಕಾಯಿಲೆಯವರಿಗೂ ಬೇರೆ ರೋಗಿಗಳಂತೆಯೇ ಆಂಬುಲೆನ್ಸ್ ಸಿಗಬೇಕು, ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ನೆಲೆಯಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಹಣ ಕಟ್ಟಿ ಖಾಸಗಿ ವಿಮೆ ಮಾಡಿಸಿದವರು ಇದನ್ನು ನೆನಪಿಡಿ.

ಕುಡಿತವನ್ನು ಮರೆತು ಕೊಡಗಿನಲ್ಲಿ ಮನಸ್ಸಿನ ಆರೋಗ್ಯದ ಮಾತನ್ನು ಮುಗಿಸಲು ಆಗುವುದಿಲ್ಲ. ಈ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆ ಎಂದೇ ಎಣಿಸುತ್ತದೆ. ವರ್ಷಗಟ್ಟಲೆ ಕುಡಿದವರು ಒಂದೇ ದಿನ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಬೆವರಿ, ಇಲ್ಲದ್ದು ಕಾಣಿಸಿ, ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕೂಲಿಗಳ ಸಾಲುಮನೆಗಳಲ್ಲಿ, ಇದನ್ನು ದೆವ್ವ ಎಂದುಕೊಂಡು ಕೂರುತ್ತಾರೆ. ಅದು ತುರ್ತು ಸ್ಥಿತಿ, 108ಕ್ಕೆ ಕರೆ ಮಾಡಿ, ರೆಫರಲ್‌ಗೆ ಕಾಯಬೇಡಿ. ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಬಳಿ ಅವರ ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿಯೂ ನಡೆಯುತ್ತದೆ. ತೋಟದ ಮಾಲೀಕರು ಈ ಸಭೆಯಲ್ಲಿದ್ದರೆ, ತೋಟದ ಲೆಕ್ಕ ಬರೆಯುವ ನಿಮ್ಮ ರೈಟರ್‌ಗೆ ಇದನ್ನು ಹೇಳಿಡಿ.

ಇನ್ನು ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಎನ್ನುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ದೀರ್ಘಕಾಲದ ಮಾನಸಿಕ ಕಾಯಿಲೆಯೂ ಒಂದು. ಶೇಕಡ 40 ಮತ್ತು ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಮಾಸಾಶನಕ್ಕೂ ಬೇರೆ ಸೌಲಭ್ಯಗಳಿಗೂ ದಾರಿ ತೆರೆಯುತ್ತದೆ. ಅಳೆಯುವುದು ಹೇಗೆ ಎಂದರೆ, ಸ್ನಾನ ಬಟ್ಟೆಯಂಥ ತನ್ನ ಕೆಲಸಗಳು, ಜನರ ಜೊತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ, ಈ ನಾಲ್ಕನ್ನೂ ಕಾಯಿಲೆಯ ಅವಧಿಯನ್ನೂ ನೋಡಿ ಅಂಕ ಕೊಡುತ್ತಾರೆ. ನಾವು ಮಾಡುವ ತಪ್ಪೇನು ಗೊತ್ತೇ? ಪರೀಕ್ಷೆಯ ದಿನ ಅಣ್ಣನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕರೆದುಕೊಂಡು ಹೋದೆವು. "ಮನೆಯಲ್ಲಿ ಹೇಗಿರುತ್ತಾರೆ?" ಎಂದು ವೈದ್ಯರು ಕೇಳಿದಾಗ ಅತ್ತಿಗೆ ಮಾನಕ್ಕೆ ಅಂಜಿ "ಪರವಾಗಿಲ್ಲ ಸರ್, ಚೆನ್ನಾಗಿದ್ದಾರೆ" ಎಂದುಬಿಟ್ಟರು. ಅಂಗಿಯ ಗುಂಡಿ ಹಾಕಿದ್ದು ತಾವೇ ಎಂದು ಅವರು ಹೇಳಲಿಲ್ಲ. ಆ ಸಲ ಅಂಕ ಸಾಲದೆ ವಾಪಸು ಬಂದೆವು. ಎರಡನೆಯ ಸಲ ಒಂದು ನೋಟ್‌ಬುಕ್ ಇಟ್ಟುಕೊಂಡು ಹೋದೆವು. ಎಷ್ಟು ದಿನ ಸ್ನಾನ ಮಾಡಲಿಲ್ಲ, ಎಷ್ಟು ರಾತ್ರಿ ಮಲಗಲಿಲ್ಲ, ಕೊನೆಯ ಸಲ ತೋಟದಲ್ಲಿ ಕೆಲಸ ಮಾಡಿದ್ದು ಯಾವಾಗ, ಎಲ್ಲವೂ ತಾರೀಕು ಹಾಕಿ ಬರೆದದ್ದು. ಕಷ್ಟದ ದಿನಗಳನ್ನು ಇದ್ದಂತೆ ಹೇಳಿ. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ಈ ಚೀಟಿಗೆ ಅರ್ಜಿ ಹಾಕಲು ನೆರವಾಗುವುದಕ್ಕೆಂದೇ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿ.ಆರ್.ಡಬ್ಲ್ಯೂ. ಎಂದರೆ ಪಂಚಾಯಿತಿಯಲ್ಲಿ ತಿಳಿಯುತ್ತದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಾಯಂದಿರು ನಿರಾಮಯ ಎಂಬ ವಿಮೆಯನ್ನು ಬೇರೆಯಾಗಿ ಕೇಳಿ. ಅದು ವರ್ಷಕ್ಕೆ 1 ಲಕ್ಷದವರೆಗೆ, ಆಸ್ಪತ್ರೆಗೆ ದಾಖಲಾಗದ ಚಿಕಿತ್ಸೆಗೂ ಥೆರಪಿಗೂ ಸಿಗುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಅದು ಇಲ್ಲ.

ನಿವೃತ್ತ ಸೈನಿಕರ ಮನೆಗಳು ನಮ್ಮಲ್ಲಿ ಬೀದಿಗೊಂದು. ಅವರಿಗೆ 2003ರಿಂದ ನಿವೃತ್ತ ಸೈನಿಕರದೇ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದೆ, ಮಡಿಕೇರಿಯಲ್ಲಿ ಪಾಲಿಕ್ಲಿನಿಕ್ ಇದೆ. ಅಲ್ಲಿ ಹೊರರೋಗಿ ಚಿಕಿತ್ಸೆಯೂ ಔಷಧವೂ ಸಿಗುವುದರಿಂದ ಆಯುಷ್ಮಾನ್‌ಗಿಂತ ಅದರ ಕೈ ಉದ್ದ. ವಯಸ್ಸಿಗೆ ಬಂದ ಮಗ ಸಾಮಾನ್ಯವಾಗಿ ಅದರಿಂದ ಹೊರಬೀಳುತ್ತಾನೆ, ಆದರೆ ಶಾಶ್ವತ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ತಂದೆಯನ್ನೇ ಅವಲಂಬಿಸಿರುವ ಮಗ ಉಳಿಯುತ್ತಾನೆ. ಮೇಲೆ ಹೇಳಿದ ಆ ಚೀಟಿ ಇಲ್ಲಿಯೂ ಬೇಕು. "ನನ್ನ ನಂತರ ಇವನಿಗೆ ಯಾರು?" ಎಂದು ಕೊರಗುವ ಅಪ್ಪಂದಿರು, ಅಂಥ ಮಕ್ಕಳಿಗೆ ಕುಟುಂಬ ಪಿಂಚಣಿ ಮುಂದುವರಿಯುವ ನಿಯಮವನ್ನು ಬದುಕಿರುವಾಗಲೇ ವಿಚಾರಿಸಿ ಹೆಸರು ಸೇರಿಸಿಡಿ.

2018ರ ಭೂಕುಸಿತವಾದ ಮೇಲೆ ನಾನು ಕಂಡದ್ದೊಂದನ್ನು ಹೇಳಬೇಕು. ಮಕ್ಕಂದೂರು ಕಡೆಯ ಒಬ್ಬ ತಾಯಿ, ಈಗ ಪುನರ್ವಸತಿ ಮನೆಯಲ್ಲಿದ್ದಾರೆ. ಸಂಜೆ ಮಳೆ ಜೋರಾದರೆ ಒಂದು ಚೀಲ ತೆಗೆದು ಪಡಿತರ ಚೀಟಿ, ಮೊಮ್ಮಗನ ಸ್ವೆಟರ್, ಟಾರ್ಚ್ ತುಂಬಿ ಬಾಗಿಲ ಬಳಿ ಕೂರುತ್ತಾರೆ. ಬೆಳಗಾದ ಮೇಲೆ ಚೀಲ ಬಿಚ್ಚುತ್ತಾರೆ. ಅವರನ್ನು ಹುಚ್ಚರು ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಆಸ್ಪತ್ರೆಗೂ ಯಾರೂ ಕರೆದೊಯ್ಯುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇಕಡ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪುತ್ತಿಲ್ಲ ಎಂದು ತೋರಿಸಿತು. ಆ ತಾಯಿ ಆ ಲೆಕ್ಕದಲ್ಲಿದ್ದಾರೆ. ಇಂಥವರಿಗೆ ಫೋನ್‌ನಿಂದಲೇ ಶುರು ಮಾಡಬಹುದು. ಟೆಲಿಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿ, ಉಚಿತವಾಗಿ. ಆಧಾರ್ ಕೇಳುವುದಿಲ್ಲ, ಕಾರ್ಡ್ ಕೇಳುವುದಿಲ್ಲ. ನೋಡಿಕೊಳ್ಳುವವರೂ ಅಲ್ಲಿಗೆ ಕರೆ ಮಾಡಿ ಅಳಬಹುದು. ಅತ್ತಿಗೆ ಮಾಡಿದ್ದಾರೆ.

ಮಾತು ಮುಗಿಸಿದ ಮೇಲೆ ಮುಂದಿನ ಸಾಲಿನ ಒಬ್ಬ ಸೊಸೆ ಎದ್ದು ಕೇಳಿದಳು: "ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ಹೋಮ್ ನರ್ಸ್ ಇಡಲು ಕಾರ್ಡ್‌ನಲ್ಲಿ ಹಣ ಬರುತ್ತದೆಯೇ?"

ಬರುವುದಿಲ್ಲ, ತಂಗಿ. ಏಜೆನ್ಸಿಯವರು ಕಳಿಸುವ ಹೋಮ್ ನರ್ಸ್‌ಗೆ ಆಯುಷ್ಮಾನ್‌ನಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬರುತ್ತದೆ ಎಂದು ಯಾರಾದರೂ ಹೇಳಿ ಮುಂಗಡ ಕೇಳಿದರೆ ಕೊಡಬೇಡ. ಅತ್ತೆ ಬಿದ್ದು ಮೂಳೆ ಮುರಿದರೆ, ನ್ಯುಮೋನಿಯಾ ಆದರೆ, ಆಗ ಕಾರ್ಡ್ ಕೆಲಸಕ್ಕೆ ಬರುತ್ತದೆ. ಮನೆಯ ಮಟ್ಟಿಗೆ, ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ ಸಕ್ಕರೆ ಕಾಯಿಲೆಗಳ ತಪಾಸಣೆಗೆ ಮನೆ ಬಾಗಿಲಿಗೇ ಬರುತ್ತಾರೆ. ಅವರು ಬಂದಾಗ ಮರೆವಿನ ವಿಷಯವನ್ನೂ ಹೇಳಿ ಬರೆಸು. ಒಮ್ಮೆ ಮಡಿಕೇರಿಯಲ್ಲಿ ತೋರಿಸು. ಥೈರಾಯ್ಡ್, ಬಿ12 ಕೊರತೆಯಿಂದ ಬರುವ ಮರೆವಾದರೆ ಮದ್ದಿಗೆ ಸರಿಹೋಗಲೂಬಹುದು. ಕೊಟ್ಟಿಗೆಯ ಬಾಗಿಲಿಗೆ ಅವರಿಗೆ ತಿಳಿಯದ ಕಡೆ ಚಿಲಕ ಹಾಕು, ಅವರು ನಡೆಯುವ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ಬಲ್ಬ್ ಉರಿಯಲಿ. ಮತ್ತೆ, ನಿನ್ನ ಗಂಡನೂ ಮೈದುನನೂ ರಾತ್ರಿಗಳನ್ನು ಹಂಚಿಕೊಳ್ಳಲಿ. ಇದನ್ನು ಸಭೆಯಲ್ಲೇ ಹೇಳುತ್ತಿದ್ದೇನೆ, ಏಕೆಂದರೆ ಕೊಡಗಿನ ಮನೆಗಳಲ್ಲಿ ಮನೆಯ ಆರೈಕೆ ಎಂದರೆ ಒಬ್ಬ ಹೆಂಗಸಿನ ನಿದ್ದೆ ಎಂದೇ ಅರ್ಥವಾಗಿಬಿಟ್ಟಿದೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂದಿತು. ಎಪ್ಪತ್ತು ದಾಟಿದ ಹಿರಿಯರು. ಎಲ್ಲರೂ ಕಾಫಿಗೆ ಎದ್ದ ಮೇಲೆ ಹತ್ತಿರ ಬಂದು, ಸುತ್ತ ನೋಡಿ ಕೇಳಿದರು: "ಮಗ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಆರು ತಿಂಗಳಿನಿಂದ ಮೇಲಿನ ಕೋಣೆ ಬಿಟ್ಟು ಇಳಿದಿಲ್ಲ. ಕಟ್ಟಿ ತರಬೇಕೆಂದು ಭಾವಮೈದುನ ಹೇಳುತ್ತಾನೆ."

ಕಟ್ಟಬೇಡಿ ಎಂದೆ. ಸರಪಳಿ ಹಾಕುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ. ಒಮ್ಮೆ ಕಟ್ಟಿದ ಮಗ ಮತ್ತೆ ನಿಮ್ಮ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಅವನು ಬರದಿದ್ದರೂ ನೀವು ಬರಬಹುದು. ಮಂಗಳವಾರದ ಕ್ಲಿನಿಕ್‌ಗೆ ನೀವೊಬ್ಬರೇ ಬಂದು ಎಲ್ಲವನ್ನೂ ಹೇಳಿ. ಮನೆಗೆ ಯಾರನ್ನು ಕಳಿಸಬಹುದು, ದಾಖಲು ಮಾಡಲೇಬೇಕಾದರೆ ಕಾನೂನಿನ ದಾರಿ ಯಾವುದು ಎಂಬುದನ್ನು ತಂಡದವರು ಹೇಳುತ್ತಾರೆ. ಅಲ್ಲಿಯವರೆಗೆ ಬಾಗಿಲ ಹೊರಗೆ ಕುಳಿತಾದರೂ ದಿನಕ್ಕೊಮ್ಮೆ ಅವನ ಜೊತೆ ಮಾತನಾಡಿ, ಊಟದ ವಿಷಯ ಬಿಟ್ಟು ಬೇರೆ ಏನನ್ನಾದರೂ. ಸಾಯುವ ಮಾತು ಆಡಿದರೆ ಮಂಗಳವಾರಕ್ಕೆ ಕಾಯಬೇಡಿ, ಅದೇ ಗಳಿಗೆಯಲ್ಲಿ 108.

ಅವರು ಜೇಬಿನಿಂದ ಮೆಣಸು ಮಾರಿದ ಹಳೆಯ ರಸೀದಿಯೊಂದನ್ನು ತೆಗೆದು ಹಿಂಬದಿಯನ್ನು ನನ್ನ ಮುಂದೆ ಹಿಡಿದರು. ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಮಂಗಳವಾರ, ತಾಲ್ಲೂಕು ಆಸ್ಪತ್ರೆ. ಪಡಿತರ ಚೀಟಿ, ಆಧಾರ್, ಹಳೆಯ ಔಷಧ ಚೀಟಿಗಳು. ಅದರ ಕೆಳಗೆ 14416. ಅವರು ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಅಂಗಿಯ ಒಳಜೇಬಿಗೆ ಹಾಕಿಕೊಂಡರು.